ಮೋಂಸೆಗ್ಯೂರ್ ಬೆಟ್ಟ ಮತ್ತು ಮೀನಿನ ಪ್ರಶ್ನೆ

ಫ್ರಾನ್ಸಿಗೆ ಬಂದಾಗಿನಿಂದ ನಾನು ಸಸ್ಯಾಹಾರಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಮೀನು ತಿಂತೀರಿ ಅಲ್ವಾ?" ನಾನು ಹಾಸನದ ಜೈನರ ಮನೆಯವನು. ಈರುಳ್ಳಿ ಬೆಳ್ಳುಳ್ಳಿಯೂ ನಮ್ಮ ಅಡುಗೆಮನೆ ಹೊಸಿಲು ದಾಟಿದ್ದಿಲ್ಲ. ಮೊದಮೊದಲು ನಗು ಬರುತ್ತಿತ್ತು, ಈಗ ಸುಮ್ನೆ ತಲೆ ಅಲ್ಲಾಡಿಸುತ್ತೇನೆ.

ಒಂದು ಭಾನುವಾರ ಸಹೋದ್ಯೋಗಿಯೊಬ್ಬಳು ಟುಲೂಸ್‌ನಿಂದ ಕಾರಿನಲ್ಲಿ ಮೋಂಸೆಗ್ಯೂರ್‌ಗೆ ಕರೆದುಕೊಂಡು ಹೋದಳು. ಅದು ಕ್ಯಾಥರ್ ಪಂಥದವರ ಬೆಟ್ಟ, 1207 ಮೀಟರ್ ಎತ್ತರ. ಕ್ಯಾಥರರು ಅಂದರೆ ಮಧ್ಯಯುಗದ ಒಂದು ಕ್ರೈಸ್ತ ಪಂಥ, ಚರ್ಚು ಅವರನ್ನು ಧರ್ಮದ್ರೋಹಿಗಳು ಅನ್ನುತ್ತಿತ್ತು. ಬುಡದಲ್ಲೊಂದು ಹುಲ್ಲುಗಾವಲಿದೆ. 'ಸುಟ್ಟುಹೋದವರ ಬಯಲು' ಅನ್ನುತ್ತಾರೆ. ಹತ್ತು ತಿಂಗಳ ಮುತ್ತಿಗೆಯಾದ ಮೇಲೆ 1244ರ ಮಾರ್ಚ್ 16ರಂದು ಇನ್ನೂರಕ್ಕೂ ಹೆಚ್ಚು ಜನರನ್ನು ಜೀವಂತ ಸುಟ್ಟರು. ನಂಬಿಕೆ ಬಿಟ್ಟವರಿಗೆ ಜೀವ ಉಳಿಯುತ್ತಿತ್ತು. ಆದರೂ ಕೋಟೆ ಒಪ್ಪಿಸುವ ಮುಂಚಿನ ದಿನಗಳಲ್ಲಿ, ಸಾವು ಖಚಿತ ಅಂತ ಗೊತ್ತಿದ್ದೂ ಸುಮಾರು ಇಪ್ಪತ್ತು ಜನ ಹೊಸದಾಗಿ ಆ ಪಂಥದ ದೀಕ್ಷೆ ತಗೊಂಡರಂತೆ. ಕೆಲವರು ಬರೀ ಕಾವಲಿನ ಸೈನಿಕರು.

ದಾರಿ ಕಡಿದಾಗಿತ್ತು. ಸುಣ್ಣಕಲ್ಲು ಸವೆದು ಜಾರುತ್ತಿತ್ತು. ಏದುಸಿರು ಬಿಡುತ್ತಲೇ ಅವಳು ಹೇಳುತ್ತಿದ್ದಳು. ಕ್ಯಾಥರರ ಪ್ರಕಾರ ಒಳ್ಳೆಯ ದೇವರು ಮಾಡಿದ್ದು ಆತ್ಮವನ್ನು ಮಾತ್ರ. ಈ ಕಲ್ಲು, ಮರ, ನಮ್ಮ ಮೈ, ಎಲ್ಲ ಕೆಟ್ಟ ಶಕ್ತಿಯ ಕೆಲಸ. ಆತ್ಮ ಮೈಯೊಳಗೆ ಸಿಕ್ಕಿಬಿದ್ದಿದೆ. ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆ ಸಿಗುವವರೆಗೂ ಮೈಯಿಂದ ಮೈಗೆ ಅಲೆಯುತ್ತದೆ, ಪ್ರಾಣಿಗಳ ಮೈಗೂ. ದೀಕ್ಷೆ ಪಡೆದ ಒಬ್ಬ ಸಾಧಕನಿಗೆ ತಾನು ಹಿಂದೆ ಕುದುರೆಯಾಗಿದ್ದ ನೆನಪಿತ್ತಂತೆ. ಆಗ ಕಲ್ಲುಗಳ ನಡುವೆ ಕಳಚಿಬಿದ್ದ ಲಾಳವನ್ನು ಈ ಜನ್ಮದಲ್ಲಿ ಹುಡುಕಿ ತೆಗೆದನಂತೆ!

ನಾನು ನಿಂತೇಬಿಟ್ಟೆ. ಅಜ್ಜಿ ಹೇಳುತ್ತಿದ್ದ ಭವಾವಳಿ, ಅಂದರೆ ಜನ್ಮಜನ್ಮಾಂತರದ ಕಥೆ ಕೇಳಿದಂತಾಯಿತು. ಅವರ ಸಾಧಕರು, ಗಂಡಸರಿರಲಿ ಹೆಂಗಸರಿರಲಿ, ಮಾಂಸ, ಮೊಟ್ಟೆ, ಹಾಲು, ಚೀಸ್ ಯಾವುದೂ ಮುಟ್ಟುತ್ತಿರಲಿಲ್ಲ. ಪ್ರಾಣಿ ಕೊಲ್ಲುತ್ತಿರಲಿಲ್ಲ, ಆಣೆ ಇಡುತ್ತಿರಲಿಲ್ಲ. ಸಾಮಾನ್ಯ ಭಕ್ತರು ಮಾತ್ರ ಎಲ್ಲ ತಿಂದುಂಡು, ಸಾಯುವ ಹೊತ್ತಿಗೆ ದೀಕ್ಷೆ ತಗೊಳ್ಳುತ್ತಿದ್ದರು.

"ನಮ್ಮವರೇ ಬಿಡು!" ಅಂದೆ.

"ಮೀನು ತಿನ್ನುತ್ತಿದ್ದರು," ಅಂದಳು.

ಇಲ್ಲೂ ಮೀನು! ಕಾರಣ ಕೇಳಿದರೆ, ಮೀನು ಗಂಡು ಹೆಣ್ಣು ಕೂಡದೆ ನೀರಿನಲ್ಲಿ ತಾನಾಗಿಯೇ ಹುಟ್ಟುತ್ತದೆ ಅಂತ ಆ ಕಾಲದ ತಿಳಿವಳಿಕೆ. ಕೂಡುವುದರಿಂದ ಹುಟ್ಟಿದ್ದೆಲ್ಲ ಅವರಿಗೆ ಮೈಲಿಗೆ. ಹಾಲು ಮೊಟ್ಟೆಯೂ ಅದೇ ಲೆಕ್ಕಕ್ಕೆ ಸೇರಿತು. ನನ್ನ ಉತ್ಸಾಹ ಅರ್ಧಕ್ಕಿಳಿಯಿತು. ನಮ್ಮಲ್ಲಿ ಜೀವ ಹೇಗೆ ಹುಟ್ಟಿತು ಅಂತ ಯಾರೂ ಕೇಳುವುದಿಲ್ಲ, ನೋವಾಗುತ್ತದಾ ಅಂತ ಕೇಳುತ್ತೇವೆ. ಲೋಕವನ್ನು ಕೆಟ್ಟವನೊಬ್ಬ ಮಾಡಿದ ಅನ್ನುವುದೂ ನನಗೆ ಒಗ್ಗಲಿಲ್ಲ. ಅಜ್ಜಿಯ ಪ್ರಕಾರ ಇದನ್ನು ಯಾರೂ ಮಾಡಿಲ್ಲ.

ತುದಿಯಲ್ಲಿ ನೋಡಿದ ಗೋಡೆಗಳು ಕೂಡ ಅವರದ್ದಲ್ಲ. ಅವರು ಸತ್ತ ಮೇಲೆ ಹೊಸ ಒಡೆಯರು ಕಟ್ಟಿಸಿದ್ದು. ಫೋಟೋ ತೆಗೆಯುವವರಿಗೆ ಅದೇನೂ ಅಡ್ಡಿಯಾದಂತೆ ಕಾಣಲಿಲ್ಲ, ನಾನೂ ನಾಲ್ಕು ತೆಗೆದೆ.

ಇಳಿದು ಹಳ್ಳಿಯ ಹೋಟೆಲಿನಲ್ಲಿ ಕೂತೆವು. ಮಾಂಸ ಬೇಡ ಅಂದೆ. ಬಡಿಸುವಾಕೆ ಮುಖ ಅರಳಿಸಿ, "ಮೀನು ಇದೆ, ಆಗಬಹುದಾ?" ಅಂದಳು. ನನ್ನ ಸಹೋದ್ಯೋಗಿ ಮೇಜಿಗೆ ಹಣೆ ಹಚ್ಚಿ ನಗತೊಡಗಿದಳು. ನಾನು ಆಡಿನ ಹಾಲಿನ ಚೀಸ್ ಹಾಕಿದ ಸಲಾಡ್ ತರಿಸಿಕೊಂಡೆ. ಪಕ್ಕದಲ್ಲೊಬ್ಬ ಕ್ಯಾಥರ್ ಸಾಧಕ ಕೂತಿದ್ದರೆ ನನ್ನ ತಟ್ಟೆ ನೋಡಿ ಕುರ್ಚಿ ದೂರ ಎಳೆದುಕೊಳ್ಳುತ್ತಿದ್ದ.