ಹಳೇ ಪದ್ಮಿನಿಯಲ್ಲಿ ಆಗುಂಬೆಗೆ: ಕಾರ್ಬೊರೇಟರ್ ಬಿಚ್ಚುವ ಮೊದಲು ಓದಿ

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿಲೋಮೀಟರ್. ಬಸ್ಸಿನಲ್ಲಿ ಎರಡು ಗಂಟೆ ಅಂತಿಟ್ಟುಕೊಳ್ಳಿ. ನಮಗೆ ಒಂದೂವರೆ ದಿನ ಬೇಕಾಯಿತು. ಸೂರ್ಯಾಸ್ತದ ಜಾಗ ಎಲ್ಲಿದೆ, ಜೋಗಿಗುಂಡಿ ಜಲಪಾತಕ್ಕೆ ಹೇಗೆ ಹೋಗುವುದು ಅಂತ ಹೇಳುವವರು ಬೇಕಾದಷ್ಟಿದ್ದಾರೆ. ಹಳೇ ಗಾಡಿಯಲ್ಲಿ ಘಾಟಿ ಹತ್ತುವ ಹುಚ್ಚು ಇರುವವರಿಗೆ ಮಾತ್ರ ಇದು.

ಗಾಡಿ ಅಪ್ಪನ 1989ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಸೋಲೆಕ್ಸ್ ಕಾರ್ಬೊರೇಟರ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಮಲ್ಪೆ, ಮಣಿಪಾಲ ಅಂತ ಊರೊಳಗೆ ಓಡಿಸುವಾಗ ಒಂದು ದಿನವೂ ತಕರಾರು ಮಾಡಿದ್ದಿಲ್ಲ. ಏಪ್ರಿಲ್ ತಿಂಗಳು, ನಾನು ಮತ್ತು ಭಾವ ಇಬ್ಬರೇ, ಟ್ಯಾಂಕ್ ಫುಲ್ ಮಾಡಿಸಿ ಹತ್ತು ಗಂಟೆಗೆ ಹೊರಟೆವು. ಪೆರ್ಡೂರು ದಾಟುತ್ತಿದ್ದ ಹಾಗೆ ಜರ್ಕ್ ಶುರುವಾಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಸೊರಗುತ್ತದೆ. ಚೋಕ್ ಎಳೆದರೆ ನಾಲ್ಕು ಮಾರು ಚೆನ್ನಾಗಿ ಹೋಗುತ್ತದೆ, ಮತ್ತೆ ಅದೇ ಕಥೆ. ಕೊನೆಗೆ ನಿಂತೇಬಿಟ್ಟಿತು.

"ವೇಪರ್ ಲಾಕ್ ಮಾರಾಯ" ಅಂದರು ಭಾವ. ಎಂಜಿನ್ ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ, ಪಂಪಿಗೆ ಎಳೆಯಲು ಆಗದೇ ಹೋಗುವುದು. ಬೈರಾಸು (ಟವೆಲ್) ಒದ್ದೆ ಮಾಡಿ ಎಸಿ ಪಂಪಿಗೆ, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಸುತ್ತಿದೆವು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಬೈರಾಸಿನ ಮೇಲೆ ನಮಗೆ ಬಂದ ಭಕ್ತಿ ಅಷ್ಟಿಷ್ಟಲ್ಲ.

ಸೋಮೇಶ್ವರ ದಾಟಿ ಘಾಟಿಯ ನಾಲ್ಕನೇ ತಿರುವಿನಲ್ಲಿ ಆ ಭಕ್ತಿ ಇಳಿಯಿತು. ಒಟ್ಟು 14 ತಿರುವು, ಎಲ್ಲವೂ ಕಡಿದು. ಹಿಂದೆ ಮಿನಿ ಬಸ್ಸು, ಎದುರಿಂದ ಜೀಪು, ಎರಡೂ ಕಡೆಯಿಂದ ಹಾರ್ನು, ಬಾನೆಟ್ ತೆಗೆದ ಕೂಡಲೇ ತಿನ್ನಲು ಏನಾದರೂ ಇದೆಯಾ ಅಂತ ನೋಡಲು ಬಂದ ಮಂಗಗಳು. ಟಯರಿಗೆ ಕಲ್ಲು ಕೊಟ್ಟು ಕಾಲು ಗಂಟೆ ಕಾದು, ಮತ್ತೆ ಸ್ಟಾರ್ಟ್ ಆದಾಗ ಹತ್ತುವ ಧೈರ್ಯ ಇಲ್ಲದೆ ಗಾಡಿ ತಿರುಗಿಸಿ ಇಳಿದೆವು.

ದಾರಿಯಲ್ಲಿ ಸಿಕ್ಕ ಗ್ಯಾರೇಜಿನವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಐದು ನಿಮಿಷದಲ್ಲಿ ಕಾರ್ಬೊರೇಟರ್ ಬೆಂಚಿನ ಮೇಲಿತ್ತು. ಹಳೇ ಕ್ಲಚ್ ಕೇಬಲಿನಿಂದ ಒಂದು ಎಳೆ ಕಿತ್ತು ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಮೇನ್ ಜೆಟ್ಟಿಗೆ ತೂರಿಸಿ ಗರಗರ ಆಡಿಸಿದ. ನನ್ನ ಹೊಟ್ಟೆಯೊಳಗೇ ಆಡಿಸಿದ ಹಾಗಾಯಿತು. ಜೆಟ್ ಮೇಲಿನ ನಂಬರ್ ಅಂದರೆ ಅದರ ತೂತಿನ ಅಳತೆ ಮಾರಾಯ್ರೆ, 120 ಅಂದರೆ 1.20 ಮಿಲಿಮೀಟರ್. ಮೆದು ಹಿತ್ತಾಳೆ, ಉಕ್ಕಿನ ತಂತಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಗಾಳಿ ಹೊಡೆದು ತೆಗೆಯಬೇಕು, ಹಟ ಹಿಡಿದರೆ ಗಾಳದ ನೈಲಾನ್ ದಾರ. ತಂತಿ ಬೇಡವೇ ಬೇಡ. ಸರ್ವಿಸಿಗೆ 1,800 ರೂಪಾಯಿ ತೆಗೆದುಕೊಂಡ. ಮೇಲಿಂದ, "ಕಾರ್ಬೊರೇಟರ್ ಹೋಗಿದೆ ಸರ್, 6,500 ಆಗ್ತದೆ, ನಾಳೆ ತರಿಸ್ತೇನೆ" ಅಂದ. ಟ್ರಯಲ್ ನೋಡಿದೆವು. ಎರಡು ಸುತ್ತು ಹೊಡೆಯುವಷ್ಟರಲ್ಲಿ ಮತ್ತೆ ಜರ್ಕ್.

ರಾತ್ರಿ ಉಳಿದ ರೂಮಿಗೆ 2,200 ರೂಪಾಯಿ. ತೆಂಗಿನಕಾಯಿ ತುರಿಯುವ ಸದ್ದಿನ ಫ್ಯಾನು, ಹಿಡಿಕೆ ಇಲ್ಲದ ಬಕೆಟ್ಟು. ಸಾಕು ಬಿಡಿ.

ಬೆಳಿಗ್ಗೆ ಹೆಬ್ರಿಯಲ್ಲಿ ನಾಲ್ಕೇ ಮೇಜಿನ ಒಂದು ಹೋಟೆಲ್ ಸಿಕ್ಕಿತು. ಬೋರ್ಡ್ ಕೂಡ ಇಲ್ಲ. ಸಜ್ಜಿಗೆ ಬಜಿಲ್ ಹೇಳಿದೆವು, ಅಂದರೆ ಉಪ್ಪಿಟ್ಟು ಅವಲಕ್ಕಿ. ಸಜ್ಜಿಗೆ ಆಗ ತಾನೇ ಇಳಿಸಿದ್ದು, ಮೆತ್ತಗೆ, ಶುಂಠಿ ಹಸಿಮೆಣಸಿನ ಪರಿಮಳ. ಅದರ ಮೇಲೆ ಕಾಯಿತುರಿ, ಬೆಲ್ಲ, ಖಾರ ಸೇರಿಸಿ ಕಲಸಿದ ತೆಳು ಅವಲಕ್ಕಿ. ಎರಡನ್ನೂ ಕೈಯಲ್ಲಿ ಕಲಸಿ ಬಾಯಿಗಿಟ್ಟಾಗ ಮೆತ್ತಗಿನದರ ಮಧ್ಯೆ ಅವಲಕ್ಕಿ ಇನ್ನೂ ಕುರುಕುರು ಅನ್ನುತ್ತಿರಬೇಕು, ಉಡುಪಿಯ ಎಷ್ಟೋ ಹೋಟೆಲಿನಲ್ಲಿ ಮೊದಲೇ ಕಲಸಿಟ್ಟು ಅದನ್ನು ಕೊಂದುಹಾಕುತ್ತಾರೆ. ಇಲ್ಲಿ ಕೊಲ್ಲುವುದಿಲ್ಲ. ನಾನು ಎರಡು ಪ್ಲೇಟ್ ತಿಂದೆ. ಆಮೇಲೆ ಬನ್ಸ್, ಬಾಳೆಹಣ್ಣು ನಿಜವಾಗಿಯೂ ಬಿದ್ದಿರುವ ಬನ್ಸ್, ಒಳಗೆ ಜೀರಿಗೆ. ಚಾ ಸೇರಿ ಇಬ್ಬರಿಗೆ 150 ರೂಪಾಯಿ.

ಪಕ್ಕದ ಮೇಜಿನಲ್ಲಿ ಕೂತಿದ್ದ ಅಜ್ಜ ಹಿಂದೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರಂತೆ. ನಮ್ಮ ಗೋಳು ಕೇಳಿ, "ನಿಂತ ಮೇಲೆ ತನ್ನಷ್ಟಕ್ಕೆ ಸ್ಟಾರ್ಟ್ ಆಗ್ತದಾ?" ಅಂದರು. ಹೌದು ಅಂದೆವು. "ಟ್ಯಾಂಕಿನ ಮುಚ್ಚಳ ಯಾವಾಗ ಬದಲಾಯಿಸಿದ್ದು?"

ನನ್ನ ಕೈ ಬನ್ಸಿನ ಮೇಲೇ ನಿಂತಿತು. ಮೂರು ತಿಂಗಳ ಹಿಂದೆ ಯಾರೋ ಪೆಟ್ರೋಲ್ ಕದ್ದರು ಅಂತ 280 ರೂಪಾಯಿ ಕೊಟ್ಟು ಬೀಗದ ಮುಚ್ಚಳ ಹಾಕಿಸಿದ್ದೆ.

"ಜರ್ಕ್ ಬಂದ ಕೂಡಲೇ ನಿಲ್ಲಿಸಿ ಅದನ್ನೊಮ್ಮೆ ತೆಗೀರಿ" ಅಂದರು. ಸೋಮೇಶ್ವರದ ಹತ್ತಿರ ಜರ್ಕ್ ಬಂತು. ಬೀಗ ತಿರುಗಿಸಿದೆ. ಗೋಲಿ ಸೋಡಾ ಒಡೆದ ಹಾಗೆ ಸುಯ್ ಅಂತ ಗಾಳಿ ಒಳಗೆ ಹೋಯಿತು. ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್. ಮುಚ್ಚಳದಲ್ಲಿ ಗಾಳಿಯ ತೂತೇ ಇರಲಿಲ್ಲ! ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರದಿದ್ದರೆ ಪಂಪ್ ಎಷ್ಟಂತ ಎಳೆದೀತು? ನಿಂತಾಗ ಸಂದಿಗೊಂದಿಯಿಂದ ಮೆಲ್ಲಗೆ ಗಾಳಿ ಸೇರಿ ಸರಿಹೋಗುತ್ತಿತ್ತು, ನಾವು ಬೈರಾಸಿಗೆ ಕೈ ಮುಗಿಯುತ್ತಿದ್ದೆವು. ಊರೊಳಗಿನ ಓಡಾಟ ಚಿಕ್ಕದು, ಹಾಗಾಗಿ ಗೊತ್ತಾಗಿರಲಿಲ್ಲ. ಮುಚ್ಚಳದ ರಬ್ಬರ್ ವಾಷರ್ ಕಿತ್ತು ಜೇಬಿಗೆ ಹಾಕಿಕೊಂಡು ಹದಿನಾಲ್ಕೂ ತಿರುವು ಒಂದೇ ಉಸಿರಿಗೆ ಹತ್ತಿದೆವು, ಪೆಟ್ರೋಲ್ ವಾಸನೆ ಕುಡಿಯುತ್ತಾ. ಇದು ತಾತ್ಕಾಲಿಕ, ತೂತಿರುವ ಮುಚ್ಚಳವನ್ನೇ ಹಾಕಿಸಿ.

ನೀವು ಹೋಗುವುದಾದರೆ ಮೊದಲು ಮುಚ್ಚಳ ನೋಡಿ. ಅದು ಸರಿಯಿದ್ದರೆ ಎಂಜಿನ್ ತಣಿದ ಮೇಲೆ ಕಾರ್ಬೊರೇಟರಿಗೆ ಬರುವ ಪೈಪ್ ಕಳಚಿ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆಸಿ, ಪೆಟ್ರೋಲ್ ಪಿಚಕ್ ಪಿಚಕ್ ಅಂತ ಬಿಟ್ಟು ಬಿಟ್ಟು ಹಾರಬೇಕು. ಹಾರದಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪಿನ ಡಯಾಫ್ರಂ (ಒಳಗಿನ ತೆಳು ಪದರ) ಹೋಗಿದೆ. ಹಾರಿಯೂ ಗಾಡಿ ಸಾಯುತ್ತಿದ್ದರೆ ಪ್ಲಗ್ಗಿನಲ್ಲಿ ಕಿಡಿ ಬರುತ್ತದಾ ನೋಡಿ, ಕಿಡಿಯ ಕಡೆಯ ಕಂಡೆನ್ಸರ್ ಕೆಟ್ಟರೂ ಜನ ಸುಮ್ನೆ ಕಾರ್ಬೊರೇಟರಿಗೆ ಬಯ್ಯುತ್ತಾರೆ. ಇಷ್ಟೆಲ್ಲ ಆದ ಮೇಲೆಯೇ ಜೆಟ್ಟು. ಕಾಲು ತೆಗೆದಾಗ ಮಾತ್ರ ಆಫ್ ಆಗುತ್ತದೆ ಅಂದರೆ ಐಡಲ್ ಜೆಟ್ಟಿನಲ್ಲಿ ಕಸ ಇರಬಹುದು. ಕಾರ್ಬೊರೇಟರ್ ತುಂಬಿ ಹೊರಗೆ ತೊಟ್ಟಿಕ್ಕುತ್ತಿದ್ದರೆ ಒಳಗೆ ಪೆಟ್ರೋಲಿನಲ್ಲಿ ತೇಲುವ ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, ಕುಳುಕುಳು ಅಂದರೆ ತೂತಾಗಿ ಒಳಗೆ ಪೆಟ್ರೋಲ್ ಹೋಗಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೇ ರಬ್ಬರ್ ಪೈಪ್ ಮೆತ್ತಗಾಗುತ್ತದೆ, ಒಂದು ಮೀಟರ್ ಹೊಸ ಪೈಪ್, ನಾಲ್ಕು ಕ್ಲಿಪ್, ಒಂದು ಫಿಲ್ಟರ್ ಡಿಕ್ಕಿಯಲ್ಲಿರಲಿ.

ಹತ್ತು ಗಂಟೆಗೆ ಹೊರಡುವ ನಮ್ಮ ತಪ್ಪು ಮಾಡಬೇಡಿ. ಆರಕ್ಕೆ ಬಿಟ್ಟರೆ ಎಂಜಿನ್ನಿಗೂ ತಂಪು, ಹೆಬ್ರಿಯಲ್ಲಿ ಸಜ್ಜಿಗೆಯೂ ಬಿಸಿ. ವಾಪಸ್ ಬರುವಾಗ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿ ಇಳಿದರೆ ಪಾತ್ರೆ ತೊಳೆದು ಕವುಚಿ ಹಾಕಿದ್ದರು.