ರಬ್ಬರ್ ಮೀನಿಗೆ ಚಿಕ್ಕಪ್ಪ ಕೇಳಿದ ಪ್ರಶ್ನೆ

ಕೊಡಗಿನ ಸುಂಟಿಕೊಪ್ಪದ ಸಮೀಪವಿರುವ ನಮ್ಮ ತೋಟದ ಕೆರೆಯ ಏರಿಯ ಮೇಲೆ ನಿಂತು ಚಿಕ್ಕಪ್ಪ ಈ ವಾರ ಅಕ್ಕನ ಮಗನಿಗೆ ಕೇಳಿದ ಒಂದು ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್‌ಗೆ ನೀರೆತ್ತಿದ್ದರಿಂದ ಕೆರೆ ತಗ್ಗಿದೆ. ಜೊಂಡಿನ ಅಂಚಿನಲ್ಲಿ ಹಾವಿನಂಥ ತಲೆಯ ಮುರ್ರೆಲ್ ಮೀನುಗಳು ಉಸಿರಿಗಾಗಿ ಮೇಲೆ ಬಂದು ಗುಳಕ್ಕನೆ ಮುಳುಗುವುದು ಕಣ್ಣಿಗೇ ಕಾಣುತ್ತಿತ್ತು. ಆದರೂ ಹುಡುಗನ ಗಾಳಕ್ಕೆ ಒಂದೂ ಬಾಯಿ ಹಾಕಿರಲಿಲ್ಲ. ಅವನು ಎರೆಯ ಬದಲು ಗಾಳಕ್ಕೆ ಸಿಕ್ಕಿಸುವ ರಬ್ಬರ್ ಮೀನುಗಳಲ್ಲಿ ಹಸಿರನ್ನು ತೆಗೆದು ಕೆಂಪನ್ನು, ಕೆಂಪನ್ನು ತೆಗೆದು ಬಿಳಿಯದನ್ನು ಸಿಕ್ಕಿಸುತ್ತಲೇ ಇದ್ದ. ಆಗ ಚಿಕ್ಕಪ್ಪ, "ಮಗಾ, ನಿನ್ನ ಮೀನು ಈಜ್ತಾ ಉಂಟಾ, ಇಲ್ಲ ನೀ ಎಳೆದದ್ದಕ್ಕೆ ಬರ್ತಾ ಉಂಟಾ?" ಎಂದು ಕೇಳಿದರು.

ಹುಡುಗನಲ್ಲಿ ಉತ್ತರವಿರಲಿಲ್ಲ. ದೂರಕ್ಕೆ ಎಸೆಯುವುದರಲ್ಲೇ ಮಗ್ನನಾಗಿದ್ದವನು ಅದು ನೀರೊಳಗೆ ಹೇಗೆ ಚಲಿಸುತ್ತದೆಂದು ನೋಡಿಯೇ ಇರಲಿಲ್ಲ. ಕಾಲಬುಡದ ತಿಳಿನೀರಿನಲ್ಲಿ ಬಿಟ್ಟು ಎಳೆದು ನೋಡಲು ಚಿಕ್ಕಪ್ಪ ಹೇಳಿದರು. ರಬ್ಬರ್ ಮೀನು ಬುಗುರಿಯಂತೆ ತನ್ನ ಸುತ್ತಲೇ ತಿರುಗುತ್ತಾ ಬಂತು. ಬಾಲ ಬಡಿಯುತ್ತಲೇ ಇರಲಿಲ್ಲ, ದಾರವೂ ಹುರಿಗೊಂಡಿತ್ತು.

ಕಾರಣ ಗಾಳ ಸಿಕ್ಕಿಸಿದ ರೀತಿಯಲ್ಲಿತ್ತು. ಕತ್ತು ಬಾಗಿದ ಗಾಳದ ಮೊನೆಯನ್ನು ರಬ್ಬರ್ ಮೀನಿನ ಮೂಗಿನ ನಡುವಿನಿಂದ ಸ್ವಲ್ಪವೇ ಒಳಕ್ಕೆ ಚುಚ್ಚಿ ಗಲ್ಲದಡಿಯಿಂದ ಹೊರತೆಗೆದು, ದಾರ ಕಟ್ಟುವ ಗಾಳದ ಕಣ್ಣು ಮೂಗಿಗೆ ಬಂದು ಕೂರುವವರೆಗೆ ಎಳೆದುಕೊಂಡು, ಅನಂತರ ಗಾಳವನ್ನು ತಿರುಗಿಸಿ ಮೈಗೆ ಒತ್ತಿ ಹಿಡಿದು, ಅದರ ಬಾಗು ಎಲ್ಲಿಗೆ ಬರುತ್ತದೆಂದು ಅಳೆದು, ಅದೇ ಜಾಗದಲ್ಲಿ ಹೊಟ್ಟೆಯಿಂದ ಬೆನ್ನಿಗೆ ನೇರವಾಗಿ ಚುಚ್ಚಬೇಕು. ಚುಚ್ಚಿದ ಜಾಗ ತುಸು ಹಿಂದಾದರೆ ಮೈ ಮುದುಡುತ್ತದೆ, ಮುಂದಾದರೆ ಎಳೆದುಕೊಳ್ಳುತ್ತದೆ, ಪಕ್ಕಕ್ಕೆ ಸರಿದರೆ ಸೊಟ್ಟಗಾಗುತ್ತದೆ. ಇವುಗಳಲ್ಲಿ ಯಾವುದೇ ಆದರೂ, ನೀರಿನಲ್ಲಿ ಅದು ಉರುಳುವುದು ಖಂಡಿತ. ಜೊಂಡಿಗೆ ಸಿಕ್ಕಿಕೊಳ್ಳದಿರಲು ಮೊನೆಯನ್ನು ಬೆನ್ನಿನ ಚರ್ಮದಡಿ ಕೂದಲೆಳೆಯಷ್ಟು ಅಡಗಿಸಿಡಬೇಕು. ಐದು ಬಣ್ಣದ ಪೊಟ್ಟಣಗಳನ್ನು ಮಾರಿದ ಅಂಗಡಿಯವನು ಹುಡುಗನಿಗೆ ಇದರಲ್ಲಿ ಒಂದನ್ನೂ ತೋರಿಸಿಕೊಟ್ಟಿರಲಿಲ್ಲ, ಮತ್ತು ಇದು ನನಗೆ ನಿಜವಾಗಿಯೂ ಸಿಟ್ಟು ತರಿಸಿತು. ಕಲಕಿದ ನೀರಿಗೊಂದು, ತಿಳಿನೀರಿಗೊಂದು ಬಣ್ಣವೆಂಬುದು ಸುಳ್ಳಲ್ಲ. ಆದರೆ ಉರುಳುವ ಮೀನಿಗೆ ಯಾವ ಬಣ್ಣ ಹಚ್ಚಿದರೇನು?

ಎರಡನೆಯ ಸಲ ಸಿಕ್ಕಿಸಿದ್ದು ನೆಟ್ಟಗೆ ಕುಳಿತಿತು. "ಈಗ ನಿಧಾನ ಸುತ್ತು. ಬಾಲ ಬಡಿಯಲಿಕ್ಕೆ ಶುರುವಾದ ಕೂಡಲೇ ಅಷ್ಟೇ ವೇಗ ಸಾಕು" ಎಂದರು ಚಿಕ್ಕಪ್ಪ. ತುದಿ ಅಗಲವಾದ ಬಾಲವು ಬಡಿಯಲು ಬೇಕಾಗುವ ಕನಿಷ್ಠ ವೇಗವನ್ನು ಕೈಯೇ ಕಂಡುಕೊಳ್ಳಬೇಕು. ಆ ಮಿಡಿತ ಕೋಲಿನ ತುದಿಯಲ್ಲಿ ತಿಳಿಯುತ್ತದೆ. ನಾಲ್ಕು ಸುತ್ತು ಸುತ್ತಿ ನಿಲ್ಲಿಸಿದರೆ ಅದು ತಲೆ ತಗ್ಗಿಸಿ ಮೆಲ್ಲಗೆ ಇಳಿಯುತ್ತದೆ, ಮೀನು ಬಾಯಿ ಹಾಕುವುದು ಹೆಚ್ಚಾಗಿ ಆ ಇಳಿಯುವ ಹೊತ್ತಿನಲ್ಲೇ. ಆದ್ದರಿಂದ ಆಗ ದಾರವನ್ನು ಪೂರ್ತಿ ಸಡಿಲ ಬಿಡಬಾರದು, ಬಿಗಿಯಾಗಿಯೂ ಹಿಡಿಯಬಾರದು. ಕಣ್ಣು ನೀರಿಗೆ ತಾಗುವ ದಾರದ ಮೇಲಿರಬೇಕು. ಇಳಿಯುವುದು ಇನ್ನೂ ನಿಧಾನವಾಗಬೇಕೆಂದರೆ ಮುಳುಗಲೆಂದು ಹಾಕಿದ ಸೀಸದ ತೂಕವನ್ನು ಕಡಿಮೆ ಮಾಡಬೇಕು.

ಹಾಗೆ ಇಳಿಯುತ್ತಿದ್ದಾಗಲೇ ದಾರ ಪಕ್ಕಕ್ಕೆ ಸರಿಯಿತು. ಹುಡುಗ ಸಡಿಲವನ್ನು ಸುತ್ತಿಕೊಂಡು ಜೋರಾಗಿ ಜಗ್ಗಿದ; ಮುರ್ರೆಲ್‌ನ ಬಾಯಿ ಗಟ್ಟಿಯಾದ್ದರಿಂದ ಅಷ್ಟು ಬಲ ಬೇಕೇ ಬೇಕು. ದಂಡೆಗೆ ಬಂದದ್ದು ಮೊಳಕ್ಕಿಂತ ತುಸು ಕಡಿಮೆಯ ಮೀನು. ಇಷ್ಟೆಲ್ಲ ನಡೆಯುವಾಗಲೂ ಚಿಕ್ಕಪ್ಪ ಕೋಲನ್ನು ಒಮ್ಮೆಯೂ ತಮ್ಮ ಕೈಗೆ ತೆಗೆದುಕೊಂಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. "ಈಜ್ತಾ ಉಂಟಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು, ಅಷ್ಟೇ. ಮಕ್ಕಳ ಕೈಯಿಂದ ಕತ್ತಿ, ಕಸಿಮಾಡುವ ಚಾಕು, ಗೇರ್ ಹಾಕುವ ಜೀಪು, ಎಲ್ಲವನ್ನೂ "ಕೊಡು ಇಲ್ಲಿ" ಎಂದು ಕಿತ್ತುಕೊಂಡು ನಾವೇ ಮಾಡಿ ತೋರಿಸುವುದು ನಮ್ಮ ತೋಟಗಳ ಹಳೆಯ ರೂಢಿ, ಮತ್ತು ಮಕ್ಕಳು ತೋಟದ ಕೆಲಸಕ್ಕೆ ಬರುವುದಿಲ್ಲವೆಂದು ಕೊರಗುವವರೂ ನಾವೇ. ಚಿಕ್ಕಪ್ಪ ಮುಂಗೋಪಿ, ಕೂಲಿಯ ಲೆಕ್ಕಕ್ಕೆ ಕುಳಿತರೆ ತೋಟದ ಲೆಕ್ಕ ಬರೆಯುವ ರೈಟರ್‌ಗೂ ಅವರನ್ನು ಕಂಡರೆ ಭಯ; ಅಂಥವರಲ್ಲಿ ಇಷ್ಟು ತಾಳ್ಮೆ ಇರುವುದನ್ನು ನಾನು ನೋಡಿದ್ದು ಕೆರೆಯ ಏರಿಯ ಮೇಲೆಯೇ.

ಮೀನಿನ ಹಲ್ಲಿಗೆ ಸಿಕ್ಕಿ ಹರಿದ ರಬ್ಬರಿನ ಚೂರುಗಳನ್ನು ಹುಡುಗ ದಂಡೆಯಲ್ಲೇ ಬಿಟ್ಟು ಹೊರಟಾಗ ಅವರು ತಡೆದು, ಎಲ್ಲವನ್ನೂ ಹೆಕ್ಕಿಸಿ ಅವನ ಜೇಬಿಗೆ ಹಾಕಿಸಿದರು. ರಬ್ಬರ್ ಎಂದರೂ ಅದು ಮೃದುಗೊಳಿಸಿದ ಪಿವಿಸಿ ಪ್ಲಾಸ್ಟಿಕ್. ಕೊಳೆಯುವುದಿಲ್ಲ, ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿಯಬಹುದು. ಮಳೆ ಹಿಡಿದ ಮೇಲೆ ಈ ಕೆರೆಯಲ್ಲಿ ಗಾಳ ಹಾಕಬಾರದೆಂದೂ ಹೇಳಿದ್ದಾರೆ. ಆಗ ಮುರ್ರೆಲ್ ಜೋಡಿಗಳು ಮರಿಗಳ ಗುಂಪನ್ನು ಕಾಯುತ್ತಾ, ಹತ್ತಿರ ಬಂದ ಏನನ್ನಾದರೂ ಕಚ್ಚುತ್ತವೆ. ಕಾಯುವ ಮೀನನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುತ್ತವೆ. ಹುಡುಗ ಒಪ್ಪಿದ್ದಾನೆ, ರಜೆ ಮುಗಿಯುವುದರೊಳಗೆ ಇನ್ನೊಂದು ಭಾನುವಾರ ಮಾತ್ರ ಕೇಳಿಕೊಂಡಿದ್ದಾನೆ.