ಯುಪಿಯ ಬೂದಿ ಮಣ್ಣು, ಅಪ್ಪಯ್ಯ ಮತ್ತೆ ಹೂತ ಕಾರು

ಅಪ್ಪಯ್ಯ ಡೆಟ್ರಾಯ್ಟಿಗೆ ಬಂದು ಒಂದು ತಿಂಗಳಾಗಿತ್ತು, ನಯಾಗರ ತೋರಿಸಿ ಆಗಿತ್ತು, ದೇವಸ್ಥಾನ ಮಾಲು ಎಲ್ಲಾ ಮುಗಿದಿತ್ತು, ಆಮೇಲೆ ದಿನಾ ಬೆಳಿಗ್ಗೆ ಕಾಫಿ ಹಿಡ್ಕೊಂಡು ಹಿತ್ತಲ ಬಾಗಿಲಲ್ಲಿ ನಿಂತು ಒಂದೇ ಮಾತು, "ಇಲ್ಲಿ ಮಣ್ಣೇ ಕಾಣಲ್ವಲ್ಲೋ ಮಾಣಿ, ಎಲ್ಲಾ ಕಡೆ ಹುಲ್ಲು ಹೊದೆಸಿಟ್ಟಿದಾರೆ." ಶಿವಮೊಗ್ಗ ಜಿಲ್ಲೆ ಸಾಗರದ ಕಡೆ ಅಡಿಕೆ ತೋಟದಲ್ಲೇ ಜನ್ಮ ಕಳೆದ ಮನುಷ್ಯ, ಪಾಪ. ಅಕ್ಟೋಬರ್ ಮೊದಲ ವಾರ ಎಲೆ ಬಣ್ಣ ತಿರುಗೋ ಟೈಮು, ಯುಪಿಗೆ ಹೋಗಿಬರೋಣ ಅಂದೆ. "ಅಲ್ಲಿಗೆ ಹೋಗ್ಬೇಕು ಅಂದ್ರೆ ವಾಪಸ್ ಇಂಡಿಯಾಕ್ಕೇ ಹೋಗ್ಬೇಕಲ್ಲೋ" ಅಂದ. ಮಿಷಿಗನ್‌ನಲ್ಲಿ ಯುಪಿ ಅಂದ್ರೆ ಅಪ್ಪರ್ ಪೆನಿನ್ಸುಲಾ, ರಾಜ್ಯದ ಉತ್ತರದ ತುಂಡು ಅಂತ ಬಿಡಿಸಿ ಹೇಳೋವರೆಗೂ ನನ್ನ ಹೆಂಡ್ತಿ ನಗ್ತಾನೇ ಇದ್ಲು.

ಐ-75 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗೋ ದಾರಿ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಅರ್ಧ ದಾರಿ ಆದ್ಮೇಲೆ ಪೈನ್ ಮರ ಜಾಸ್ತಿ ಆಗುತ್ತೆ, ರಸ್ತೆ ಪಕ್ಕ ಅಗೆದಲ್ಲೆಲ್ಲ ಬರೀ ಮರಳು ಕಾಣುತ್ತೆ. ಮಿಷಿಗನ್‌ಗೆ ರಾಜ್ಯ ಪಕ್ಷಿ, ರಾಜ್ಯ ಹೂವು ಇದ್ದ ಹಾಗೆ ಒಂದು ರಾಜ್ಯ ಮಣ್ಣೂ ಇದೆ, ಕಲ್ಕಾಸ್ಕಾ ಸ್ಯಾಂಡ್ ಅಂತ, 1990ರಲ್ಲಿ ಘೋಷಣೆ ಮಾಡಿದ್ದು ಅಂತ ಹೇಳಿದೆ. ಅಪ್ಪಯ್ಯಂಗೆ ಅದೊಂದು ಜೋಕು. "ಮರಳಿಗೆಲ್ಲ ಪ್ರಶಸ್ತಿ ಕೊಡ್ತಾರನಾ ಇಲ್ಲಿ?" ಮ್ಯಾಕಿನಾ ಸೇತುವೆ ದಾಟುವಾಗ ಮಾತ್ರ ಸುಮ್ಮನೆ ಕೂತಿದ್ದ. 1957ರ ಸೇತುವೆ, ಹೆಚ್ಚುಕಮ್ಮಿ ಎಂಟು ಕಿಲೋಮೀಟರ್ ಉದ್ದ, ಗಾಳಿ ಬೇರೆ ಜೋರಾಗಿತ್ತು.

ಸೀನೀ ಅನ್ನೋ ಊರಿಂದ ಪಶ್ಚಿಮಕ್ಕೆ ಎಂ-28 ರಸ್ತೆ 25 ಮೈಲಿ ಒಂದು ತಿರುವೂ ಇಲ್ಲದೆ ನೆಟ್ಟಗೆ ಹೋಗುತ್ತೆ. ಡ್ರೈವ್ ಮಾಡೋರಿಗೆ ನಿದ್ದೆ ತರಿಸೋ ರಸ್ತೆ ಅಂತ ಎಲ್ಲರೂ ಬೈಯ್ತಾರೆ, ನಂಗೇನೋ ಇಷ್ಟ. ಹಿಮಯುಗದ ಕೊನೆಗೆ, ಹತ್ತು ಹನ್ನೊಂದು ಸಾವಿರ ವರ್ಷದ ಹಿಂದೆ, ಕರಗಿದ ಹಿಮದ ನೀರು ಹೊತ್ತು ತಂದ ಮರಳೆಲ್ಲ ಇಲ್ಲಿ ಹಾಸಿಕೊಂಡಿದ್ದು, ಹಳೇ ಸರೋವರದ ತಳ ಇದು, ಅದಕ್ಕೇ ದೋಸೆ ಕಾವಲಿ ಥರ ಚಪ್ಪಟೆ. ಆದ್ರೆ ಸ್ವಲ್ಪ ಹೊತ್ತು ನಿಂತು ನೋಡಿದ್ರೆ ಪೂರ್ತಿ ಚಪ್ಪಟೆ ಅಲ್ಲ ಅಂತ ಗೊತ್ತಾಗುತ್ತೆ, ಅಲ್ಲಲ್ಲಿ ಆಳೆತ್ತರದ ಮರಳಿನ ದಿಬ್ಬ ಇದಾವೆ, ದಿಬ್ಬದ ಮೇಲೆ ಪೈನ್ ಮರ, ನಾಲ್ಕು ಹೆಜ್ಜೆ ಇಳಿದ್ರೆ ಹುಲ್ಲು, ಪಾಚಿ, ಕಾಲಿಟ್ರೆ ಪಚ್ ಅನ್ನೋ ಜೌಗು. ಮರಳು ಎರಡೂ ಕಡೆ ಅದೇ, ವ್ಯತ್ಯಾಸ ಇರೋದು ನೀರು ಬಸಿದು ಹೋಗುತ್ತೋ ಇಲ್ವೋ ಅನ್ನೋದ್ರಲ್ಲಿ. ಇದನ್ನ ನಾನು ಹೇಳೋಕ್ಕೆ ಬಾಯಿ ತೆಗೆಯೋ ಮುಂಚೇನೇ ಅಪ್ಪಯ್ಯ ಹೇಳಿಬಿಟ್ಟ. ಬಸಿಗಾಲುವೆ ಒಂದಡಿ ಹೂಳು ತುಂಬಿದ್ರೆ ಅಡಿಕೆ ಮರಕ್ಕೆ ಹಿಡಿಮುಂಡಿಗೆ ರೋಗ ಬರುತ್ತೆ ಅಂತ ವರ್ಷಾ ವರ್ಷಾ ಕಾಲುವೆ ತೋಡಿಸೋ ಮನುಷ್ಯನಿಗೆ ನಾನೇನು ಹೇಳ್ಲಿ.

ಇಲ್ಲೂ ಕಾಲುವೆ ತೋಡಿದ್ರು. 1910ರ ದಶಕದಲ್ಲಿ ಭೂಮಿ ಮಾರೋರು ಈ ಜೌಗಿನಲ್ಲಿ ಮೈಲಿಗಟ್ಟಲೆ ಕಾಲುವೆ ಹೊಡೆಸಿ, ಒಳ್ಳೇ ಸಾಗುವಳಿ ಜಮೀನು ಅಂತ ದೂರದ ಜನಕ್ಕೆ ಮಾರಿದ್ರು. ಬೆಳೆ ಬರಲಿಲ್ಲ, ಜನ ಬಿಟ್ಟು ಹೋದ್ರು, 1935ರಲ್ಲಿ ಸರ್ಕಾರ ಅದನ್ನ ವನ್ಯಜೀವಿಗಳಿಗೆ ಅಂತ ಬಿಟ್ಟಿತು, ಸೀನೀ ರೆಫ್ಯೂಜ್ ಅಂತ. ಅಪ್ಪಯ್ಯ ಒಂದು ಕಾಲುವೆ ದಂಡೆ ಮೇಲೆ ಕೂತು ಬದಿಯ ಮಣ್ಣು ಕೆರೆದು ನೋಡಿದ, ಮಾಸಲು ಬಣ್ಣ, ಮಧ್ಯೆ ಮಧ್ಯೆ ತುಕ್ಕಿನ ಕಲೆ. "ನೀರು ನಿಲ್ಲೋ ಮಣ್ಣು" ಅಂದ, ಕೈ ಒರೆಸಿಕೊಂಡು ಎದ್ದ.

ಮರುದಿನ ಗ್ರ್ಯಾಂಡ್ ಮರೇ ಕಡೆ ಹೊರಟ್ವಿ, ಲೇಕ್ ಸುಪೀರಿಯರ್ ದಡದ ಸಣ್ಣ ಊರು. ಅದಕ್ಕಿಂತ ಮುಂಚೆ ಒಳರಸ್ತೆಯಲ್ಲಿ ಕಿಂಗ್‌ಸ್ಟನ್ ಪ್ಲೇನ್ಸ್ ಅಂತ ಸಿಗುತ್ತೆ, ಅಲ್ಲಿಗೆ ಹೋಗೋದು ನನ್ನದೇ ಹಠ. ಬೋಳು ಬಯಲು, ಬಯಲ ತುಂಬ ಮರದ ಬೊಡ್ಡೆಗಳು, ನೂರಾರು, ಬೆಳ್ಳಗೆ, ಕೆಲವು ನನ್ನ ಸೊಂಟದೆತ್ತರ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿನ ವೈಟ್ ಪೈನ್ ಕಾಡನ್ನ ಕಡಿದು ಸಾಗಿಸಿದ್ರು, ಉಳಿದ ರೆಂಬೆ ಕಸಕ್ಕೆ ಬೆಂಕಿ ಬಿತ್ತು, ಮತ್ತೆ ಮತ್ತೆ ಬಿತ್ತು. ಅಷ್ಟೇ, ಕಾಡು ವಾಪಸ್ ಬರಲೇ ಇಲ್ಲ. ಬೊಡ್ಡೆ ಮಾತ್ರ ನೂರು ವರ್ಷ ದಾಟಿದ್ರೂ ಕೊಳೆಯದೆ ಕೂತಿದಾವೆ. ಅಪ್ಪಯ್ಯ ಒಂದು ಬೊಡ್ಡೆ ಮೇಲೆ ಕೂತು ಕವಳ ಹಾಕಿದ, ಅಷ್ಟು ಹೊತ್ತೂ ಒಂದೇ ಪ್ರಶ್ನೆ. "ನಮ್ಮಲ್ಲಿ ಎರಡು ಮಳೆಗಾಲ ಬಿಟ್ರೆ ಅಂಗಳದಲ್ಲೇ ಕಾಡು ಎದ್ದು ಬರುತ್ತೆ, ಇಲ್ಲಿ ನೂರು ವರ್ಷಕ್ಕೂ ಬರಲಿಲ್ಲ ಅಂದ್ರೆ ಎಂತ ಮಾರಾಯ?" ನನ್ನ ಹತ್ರ ಉತ್ತರ ಇತ್ತು ಆದ್ರೆ ತೋರಿಸೋಕೆ ಏನೂ ಇರಲಿಲ್ಲ.

ತೋರಿಸೋ ಅವಕಾಶ ಮುಂದಿನ ಅರ್ಧ ಗಂಟೆಯಲ್ಲೇ ಬಂತು, ನನ್ನ ಬುದ್ಧಿವಂತಿಕೆಯಿಂದ. ಶಾರ್ಟ್‌ಕಟ್ ಅಂತ ಮೇಪಲ್ ಕಾಡಿನ ಮಣ್ಣುರಸ್ತೆಗೆ ಕಾರು ಇಳಿಸಿದೆ, ಎದುರಿಂದ ಪಿಕಪ್ ಬಂತು ಅಂತ ಪಕ್ಕಕ್ಕೆ ತಗೊಂಡೆ, ಮುಂದಿನ ಚಕ್ರ ಮರಳಲ್ಲಿ ಹೂತೇ ಹೋಯ್ತು, ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ಪಿಕಪ್‌ನವನು ನಿಲ್ಲಿಸಿ, ಹಗ್ಗ ಮನೇಲಿದೆ ತಂದುಬಿಡ್ತೀನಿ ಇರಿ ಅಂತ ಹೋದ. ಫೋನಿಗೆ ಸಿಗ್ನಲ್ ಇಲ್ಲ. ಹೆಂಡ್ತಿ ಕಾರೊಳಗೆ ಮುಖ ಊದಿಸಿಕೊಂಡು ಕೂತ್ಲು. ಅಪ್ಪಯ್ಯ ಮಾತ್ರ ರಸ್ತೆಗೆ ಕಡಿದ ದರೆ ಮುಂದೆ ನಿಂತು, "ಇಲ್ಲಿ ಬಾರೋ, ಇದೆಂತದು, ಬೂದಿ ಹುಗಿದಿದಾರಾ?" ಅಂತ ಕೂಗಿದ.

ದರೆಯಲ್ಲಿ ಎಲ್ಲಾ ಪದರ ಪದರವಾಗಿ ಕಾಣ್ತಿತ್ತು. ಎಲ್ಲಕ್ಕಿಂತ ಮೇಲೆ ಮೂರು ಬೆರಳು ದರಕು, ಅಂದ್ರೆ ಉದುರಿದ ಒಣ ಎಲೆ, ಅದರಡಿ ಬೇರು ಹೆಣೆದುಕೊಂಡಿರೋ ಕಪ್ಪು ಮಣ್ಣು ತೆಳ್ಳಗೆ. ಅದರ ಕೆಳಗೆ ಒಂದು ಗೇಣು, ನಿಜವಾಗ್ಲೂ ಒಲೆ ಬೂದಿ ಬಣ್ಣದ ಮರಳು, ಉಗುರಲ್ಲಿ ಕೆರೆದ್ರೆ ಸಕ್ಕರೆ ಥರ ಜಾರುತ್ತೆ. ಅಲ್ಲಿಂದ ಕೆಳಗೆ ಒಮ್ಮೆಲೇ ಕಾಫಿ ಗಸಿ ಬಣ್ಣ, ಆಮೇಲೆ ಇಟ್ಟಿಗೆ ಕೆಂಪು, ಹೋಗ್ತಾ ಹೋಗ್ತಾ ತಿಳಿಯಾಗಿ ಹಳದಿ ಮರಳು. ಬೂದಿಯೂ ಗಸಿಯೂ ಸೇರೋ ಗೆರೆ ನೇರ ಇಲ್ಲ, ಅಲ್ಲಲ್ಲಿ ಬೂದಿ ಬಣ್ಣ ನಾಲಿಗೆ ಚಾಚಿದ ಹಾಗೆ ಕೆಳಗಿಳಿದಿದೆ. ತುಕ್ಕಿನ ಕಲೆ ಒಂದೂ ಇಲ್ಲ. ಅಪ್ಪಯ್ಯ ಒಂದು ಹಿಡಿ ಒದ್ದೆ ಮಾಡಿ ಉಂಡೆ ಕಟ್ಟೋಕೆ ನೋಡಿದ, ನಿಲ್ಲಲಿಲ್ಲ. ಬಾಟಲಿ ನೀರು ಸುರಿದ, ಮುಚ್ಚಳ ಹಾಕೋದ್ರೊಳಗೆ ಇಂಗಿಹೋಗಿತ್ತು.

ಇದಕ್ಕೆ ಪೊಡ್ಜೋಲ್ ಅಂತಾರೆ, ರಷ್ಯಾದ ರೈತರ ಮಾತು, ಬೂದಿ ಅನ್ನೋ ಪದವೇ ಅದರೊಳಗಿದೆ ಅಂದೆ. ಬಿದ್ದ ಎಲೆ ಚಳಿಗೆ ಬೇಗ ಕೊಳೆಯಲ್ಲ, ನಿಧಾನಕ್ಕೆ ಹುಳಿ ರಸ ಬಿಡುತ್ತೆ, ನೀರು ಆ ರಸ ತಗೊಂಡು ಕೆಳಗೆ ಇಳಿಯುವಾಗ ಮರಳಿಗೆ ಅಂಟಿದ ಕಬ್ಬಿಣ, ಅಲ್ಯೂಮಿನಿಯಂ ಎಲ್ಲ ತೊಳೆದುಕೊಂಡು ಹೋಗಿ ಒಂದು ಮೊಳ ಕೆಳಗೆ ಇಟ್ಟುಬಿಡುತ್ತೆ. ಮೇಲೆ ಉಳಿಯೋದು ಬಣ್ಣ ಬಿಟ್ಟ ಮರಳು. ನಮ್ಮ ಕಡೆ ಜಂಬಿಟ್ಟಿಗೆ ಮಣ್ಣಿಂದು ಪೂರ್ತಿ ಉಲ್ಟಾ, ಅಲ್ಲಿ ಸೆಖೆ ಮತ್ತೆ ಮಳೆ ಸೇರಿ ಸಿಲಿಕಾವನ್ನ ತೊಳೆದು ಕಬ್ಬಿಣ ಉಳಿಸುತ್ತೆ, ಅದಕ್ಕೇ ಕೆಂಪು. ಎರಡು ಕಡೆನೂ ಮೇಲಿಂದ ಕೆಳಕ್ಕೆ ಇಳಿಯೋದು ನೀರೇ. ಅಪ್ಪಯ್ಯ ಸ್ವಲ್ಪ ಹೊತ್ತು ಬಿಟ್ಟು, "ಅಂದ್ರೆ ಇವರದ್ದು ಎಲ್ಲಾ ಆ ಮೂರು ಬೆರಳು ದರಕಿನಲ್ಲೇ ಇರೋದು" ಅಂದ, "ಅದನ್ನ ಸುಟ್ಟಮೇಲೆ ಎಂತ ಉಳೀತು, ಬೂದಿ ಮರಳು." ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತಂದು ತೋಟಕ್ಕೆ ಹಾಕೋರಿಗೆ ಇದು ಬೇಗ ಅರ್ಥ ಆಗುತ್ತೆ, ನಂಗೆ ಓದಿ ತಿಳ್ಕೊಳ್ಳೋಕೆ ಎರಡು ವಾರ ಬೇಕಾಯ್ತು.

ಪಿಕಪ್‌ನವನು ಹೇಳಿದ ಹಾಗೇ ಬಂದ, ಎಳೆದ, ದುಡ್ಡು ತಗೊಳ್ಳಲಿಲ್ಲ. ಅಪ್ಪಯ್ಯ ನನ್ನ ಕೈಲಿ ಕೇಳಿಸಿದ, ಇಲ್ಲಿ ವರ್ಷಕ್ಕೆ ಎಷ್ಟು ಇಂಚು ಬೀಳುತ್ತೆ. ನೂರು ಇಂಚು ಆರಾಮಾಗಿ ದಾಟುತ್ತೆ ಅಂದ ಅವನು. ಅಪ್ಪಯ್ಯನ ಮುಖ ಅರಳಿತು, ಇದು ನಮ್ಮೂರ ಲೆಕ್ಕವೇ ಅಂತ. ಅವನು ಹೇಳಿದ್ದು ಹಿಮ, ಹತ್ತು ಇಂಚು ಹಿಮ ಕರಗಿದ್ರೆ ಹೆಚ್ಚುಕಮ್ಮಿ ಒಂದು ಇಂಚು ನೀರು ಅಂತ ನಾನು ಬಿಡಿಸಿ ಹೇಳಿದೆ. ಅಷ್ಟು ದಪ್ಪ ಹಿಮ ಹೊದ್ದ ನೆಲ ಗಟ್ಟಿ ಹೆಪ್ಪುಗಟ್ಟಲ್ಲ, ಏಪ್ರಿಲ್‌ನಲ್ಲಿ ಕರಗಿದ ನೀರೆಲ್ಲ ಸೀದಾ ಮರಳೊಳಗೇ ಇಳಿಯುತ್ತೆ, ಬೂದಿ ಪದರ ಆಗೋದು ಅದರಿಂದಲೂ ಹೌದು ಅಂತ ಸೇರಿಸಿದೆ. ಅದನ್ನ ಅಪ್ಪಯ್ಯ ಕೇಳಿಸಿಕೊಂಡನೋ ಇಲ್ವೋ, ಬೆರಳು ಮಡಚಿ ಲೆಕ್ಕ ಹಾಕ್ತಾ ಇದ್ದ.

"ಹತ್ತಿಂಚಾ? ಆಷಾಢದಲ್ಲಿ ನಮ್ಮಲ್ಲಿ ಅದು ಒಂದು ವಾರದ್ದು" ಅಂದು ಕಾರು ಹತ್ತಿದ.